ಆರ್ಕಿಡ್ ಮಳಿಗೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ

ಆರ್ಕಿಡ್ ಕೊಳ್ಳುವಾಗ ನಾನು ಹೂವನ್ನು ಕೊನೆಗೆ ನೋಡುತ್ತೇನೆ. ಮೊದಲು ಗಿಡದ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸುತ್ತೇನೆ. ಹಾಲುಹಲ್ಲಿನ ಹಾಗೆ ಅಲುಗಿದರೆ ಕೆಳಗೆ ಬೇರಿಲ್ಲ. ಆಮೇಲೆ ಒಳಗಿನದೆಲ್ಲ ಕಾಣುವ ಆ ಪ್ಲಾಸ್ಟಿಕ್ ಕುಂಡವನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸುತ್ತೇನೆ. ಬೇರು ಬೂದು ಬಣ್ಣಕ್ಕಿದ್ದರೆ ಹೊಸಬರು ಸತ್ತಿದೆ ಅನ್ನುತ್ತಾರೆ. ಅದು ಸತ್ತಿರುವುದಿಲ್ಲ, ಬಾಯಾರಿರುತ್ತದೆ ಅಷ್ಟೇ; ನೀರು ತಾಗಿದರೆ ಹಸಿರಾಗುತ್ತದೆ. ಕಂದು ಕಂಡರೆ ಮಾತ್ರ ಒತ್ತಿ ನೋಡಬೇಕು. ಗಟ್ಟಿಯಿದ್ದರೆ ಸರಿ. ಪಿಚಕ್ಕನೆ ಒಳಗೆ ಹೋಗಿ, ಸಿಪ್ಪೆ ಜಾರಿ, ನಡುವಿನ ದಾರ ಮಾತ್ರ ಕೈಗೆ ಬಂದರೆ ಕೊಳೆತಿದೆ. ಮೇಲೆ ಎಂಥ ಹೂವೇ ಇರಲಿ, ಕೆಳಗಿಟ್ಟು ಮುಂದೆ ಹೋಗಬೇಕು. ನನ್ನ ಉದ್ಯೋಗವೂ ಹೆಚ್ಚುಕಡಿಮೆ ಇದೇ. ವಿಶಾಖಪಟ್ಟಣದ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುತ್ತೇನೆ. ಸಂಬಳ ಕೊಟ್ಟು ಕೊಂಕು ತೆಗೆಸುತ್ತಾರೆ.

ಅಲ್ಲೇ ಪೆಂಡುರ್ತಿಯ ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಜಾಗವಿಲ್ಲ, ಅಷ್ಟು ಗಿಡಗಳಿವೆ. ಪ್ರತಿ ಚಳಿಗಾಲಕ್ಕೆ ವಿಜಯವಾಡದಲ್ಲಿ ಸಸ್ಯಮೇಳ ನಡೆದಾಗ ಅಲ್ಲಿರುವ ಅಣ್ಣ-ವೈನಿಯ ಮನೆಗೆ ಹೋಗುತ್ತೇನೆ. ಮೇಳದ ನೆಪದಲ್ಲಿ ಅವರನ್ನು ನೋಡಿದ ಹಾಗೂ ಆಗುತ್ತದೆ, ಜೋಳದ ರೊಟ್ಟಿಯೂ ಸಿಗುತ್ತದೆ.

ಹೋದ ವರ್ಷ ಹೋದಾಗ ನನಗೆ ಗಿಡದ ಮೇಲೂ ಆಸೆ ಇರಲಿಲ್ಲ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ನನ್ನ ಮದುವೆಯ ನಿಶ್ಚಯ ಮುರಿದಿತ್ತು. ಹುಡುಗನ ಕಡೆಯವರು ಧಾರವಾಡದ ಹತ್ತಿರದ ನಮ್ಮೂರಿಗೆ ಹೋಗಿ ನಾಲ್ಕು ಮನೆಗಳಲ್ಲಿ ವಿಚಾರಿಸಿದ್ದರು. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ತಲೆ ಕೆಟ್ಟು ಎಷ್ಟೋ ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾಳೆ, ಮಾತ್ರೆಯ ಮೇಲೆ ಇದ್ದಾಳೆ ಎಂದು ಅವರಿಗೆ ತಿಳಿಯಿತು. ನಾವೂ ಹೇಳಿರಲಿಲ್ಲ. ಅವರು ಸಂಬಂಧ ಬೇಡ ಎಂದರು. ನಾನು ಅಳಲಿಲ್ಲ, ಊಟ ಬಿಡಲಿಲ್ಲ, ರಜೆಯನ್ನೂ ಹಾಕಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ನಮ್ಮದಲ್ಲ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಿತ್ತು. ಮನೆಯವರು ಇದನ್ನೇ ಧೈರ್ಯ ಅಂದುಕೊಂಡರು.

ಮೇಳಕ್ಕೆ ಹೊರಡುವಾಗ ವೈನಿ ನನ್ನ ಹೆರಳಿಗೆ ಹೂ ಮುಡಿಸಲು ಬಂದರು. ಗಿಡ ನೋಡಲು ಹೋಗುವವಳಿಗೆ ಯಾಕೆ ಇಷ್ಟು ಅಲಂಕಾರ ಎಂದು ಆಗಲೇ ಅನುಮಾನ ಬರಬೇಕಿತ್ತು.

"ನೋಡವಾ, ಸಿಟ್ಟಾಗಬ್ಯಾಡ," ಎಂದರು ವೈನಿ. "ಇಲ್ಲೇ ಇಬ್ರಾಹಿಂಪಟ್ನಂದಾಗ ಎಂಜಿನಿಯರ್ ಇದ್ದಾನ, ನಮ್ಮ ಕಡೆಯಾಂವನ. ತಾಯಿ-ಮಗ ಇಬ್ಬರೂ ಮ್ಯಾಳಕ್ಕ ಬರ್ತಾರ. ಮನ್ಯಾಗ ಕರದು ಉಪ್ಪಿಟ್ಟು ಕೊಟ್ಟು ತೋರಸೋದು ನಿನಗ ಸೇರೂದಿಲ್ಲಲಾ, ಅದಕ್ಕ."

"ಬರಲಿ," ಎಂದೆ.

"ಹಿಂದಿನ ನಿಶ್ಚಯದ ಮಾತು ತಗದರ, ಜಾತಕ ಕೂಡಲಿಲ್ಲ ಅನ್ನು. ಚಿಗವ್ವನ ಸುದ್ದಿ ಎತ್ತಬ್ಯಾಡ. ಮುಂದ ನೋಡಿದ್ರಾತು."

"ಆತು," ಎಂದೆ. ನಿಜಕ್ಕೂ ಸುಳ್ಳಿಗೂ ನನಗೆ ವ್ಯತ್ಯಾಸವೇ ಕಾಣಲಿಲ್ಲ.

ಹುಡುಗನ ತಾಯಿ ದಪ್ಪ ಕನ್ನಡಕದ, ಮೊಣಕಾಲು ನೋವಿನ ಹೆಂಗಸು. ಬಂದವರೇ ನನ್ನನ್ನು ನೋಡುವುದಕ್ಕಿಂತ ಮೊದಲು ಕುರ್ಚಿ ಎಲ್ಲಿದೆ ಎಂದು ನೋಡಿದರು. ಗೊಬ್ಬರದ ಮಳಿಗೆಯ ಪಕ್ಕದಲ್ಲಿ ಒಂದು ಸಿಕ್ಕಿತು. ಊರಲ್ಲಾದರೆ ಹುಡುಗ-ಹುಡುಗಿಯನ್ನು ಮಾತಾಡಲು ಮಾಳಿಗೆಯ ಮೇಲೆ ಕಳಿಸುತ್ತಾರೆ. ಇಲ್ಲಿ ಮಾಳಿಗೆ ಇಲ್ಲದ್ದರಿಂದ ವೈನಿ ನಮ್ಮನ್ನು ಆರ್ಕಿಡ್ ಮಳಿಗೆಗೆ ಅಟ್ಟಿದರು. ಅಣ್ಣ ಕ್ರೋಟನ್ ಗಿಡಗಳ ಹಿಂದೆ ಮಾಯವಾದ.

ಹುಡುಗ ಒಳ್ಳೆಯವನ ಹಾಗೆಯೇ ಕಂಡ. ಬಲವಂತಕ್ಕೆ ನಗಲಿಲ್ಲ, ನನ್ನ ಸಂಬಳ ಕೇಳಲಿಲ್ಲ. ಮಾತು ತೋಚದೆ ನಾನು ಕೈಗೆ ಸಿಕ್ಕ ಕುಂಡವನ್ನು ಎತ್ತಿಕೊಂಡು ಮಾರುವವನನ್ನು ತೆಲುಗಿನಲ್ಲಿ ಕೇಳಿದೆ, "ತೀಸಿ ಚೂಡೊಚ್ಚಾ ಅಂಡಿ?"

"ಚೂಡಂಡಿ. ವಿರಗ್ಗೊಟ್ಟಕಂಡಿ," ಎಂದ ಅವನು. ತೆಗೆದು ನೋಡಿ, ಮುರಿಯಬೇಡಿ ಎಂದು.

ನೇರಳೆ ಹೂವಿನ ಒಳ್ಳೆಯ ಗಿಡ. ಕುಂಡದಿಂದ ಹೊರಗೆ ಜಾರಿಸಿ, ಬೇರಿನ ನಡುವೆ ತುರುಕಿದ್ದ ಪಾಚಿಯನ್ನು ಸ್ವಲ್ಪ ಬಿಡಿಸಿದೆ. ಹೊರಗಿನ ಬೇರುಗಳು ಗಟ್ಟಿಯಾಗಿದ್ದವು. ಒಳಗೆ ಪಾಚಿ ತೊಪ್ಪೆಯಾಗಿ, ಎರಡು ಬೇರು ಕೊಳೆತಿದ್ದವು. ಬೆರಳಿಗೆ ವಾಸನೆ ಬಂತು. ಹುಡುಗ ಬಗ್ಗಿ ನೋಡುತ್ತಿದ್ದ.

"ಬ್ಯಾಡ ಇದು," ಎಂದೆ.

"ಎರಡೇ ಅಲ್ಲೇನ್ರಿ ಹೋಗಿದ್ದು? ಉಳಿದಾವು ಚಲೋ ಅದಾವಲ್ಲ."

"ಎರಡು ಕೊಳತರ ಉಳಿದಾವೂ ಕೊಳೀತಾವ್ರಿ. ಗೊತ್ತಿದ್ದೂ ಮನೀಗೆ ಒಯ್ಯಬಾರದು."

ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಾತು ನನಗೇ ಕೇಳಿಸಿತು. ಗೊತ್ತಿದ್ದೂ ಮನೆಗೆ ತರಬಾರದು ಎಂದೇ ಆ ಹಿಂದಿನ ಹುಡುಗನ ಕಡೆಯವರು ಮಧ್ಯಸ್ಥರ ಹತ್ತಿರ ಹೇಳಿ ಕಳಿಸಿದ್ದು. ಅವರೂ ನನ್ನನ್ನು ಹೀಗೆಯೇ ಎತ್ತಿ, ತಿರುಗಿಸಿ, ಕೆಳಗಿಟ್ಟಿದ್ದರು. ಹಾಗೆ ನೋಡಿದರೆ ನಾನು ಹೇಳಿದ್ದು ಪೂರ್ತಿ ನಿಜವೂ ಅಲ್ಲ. ಕೊಳೆತದ್ದನ್ನು ಕತ್ತರಿಸಿ, ಪಾಚಿ ಬದಲಿಸಿದರೆ ಅಂಥ ಗಿಡ ಬದುಕುತ್ತದೆ. ಎಷ್ಟೋ ಗಿಡ ಹಾಗೆ ಬದುಕಿಸಿದ್ದೇನೆ. ಆದರೂ ಮೇಳದಲ್ಲಿ ಬೇಡ ಅನ್ನುವುದು ರೂಢಿ. ಇದೆಲ್ಲ ಹೊಳೆದರೂ ನನಗೆ ಏನೂ ಅನ್ನಿಸಲಿಲ್ಲ. ಗಿಡವನ್ನು ಕುಂಡಕ್ಕೆ ಇಳಿಸುತ್ತ ನಿಂತೆ.

ಆಗ ಅವನು ಕೇಳಿದ, "ಮುಂಚೆ ಒಂದು ನಿಶ್ಚಯ ಆಗಿತ್ತಂತಲ್ರಿ. ತಪ್ಪು ತಿಳ್ಕೋಬ್ಯಾಡ್ರಿ. ಯಾಕ ಮುರೀತು?"

ಜಾತಕ ಎಂದು ಹೇಳಲು ಬಾಯಿ ತೆರೆದೆ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಆಸೆ ಬೇಕಾಗುತ್ತದೆ. ನನ್ನಲ್ಲಿ ಅದಿರಲಿಲ್ಲ.

"ನಮ್ಮ ಚಿಗವ್ವಗ ಮನೋರೋಗ ಐತ್ರಿ. ನಮ್ಮ ಮನ್ಯಾಗ ಇರ್ತಾಳ. ನಾ ಸಣ್ಣಾಕಿ ಇದ್ದಾಗ ನನಗ ನೀರು ಎರದು, ಹೆರಳು ಹಾಕಿದಾಕಿ ಆಕಿನ. ಅದು ಗೊತ್ತಾಗಿ ಅವರು ಬ್ಯಾಡ ಅಂದ್ರು."

ಅವನು ಮುಖ ಗಂಟಿಕ್ಕಲಿಲ್ಲ. ದನಿ ತಗ್ಗಿಸಿ, ನಿಜಕ್ಕೂ ನನಗೆ ಉಪಕಾರ ಮಾಡುವವನ ಹಾಗೆ ಹೇಳಿದ, "ನನಗೇನೂ ಅಡ್ಡಿ ಇಲ್ರಿ. ಆದರ ನಮ್ಮ ಅವ್ವಗ ಹೇಳಬ್ಯಾಡ್ರಿ. ಮದುವಿಗೂ ಅವರನ್ನ ಕರಕೊಂಡು ಬರೂದು ಬ್ಯಾಡ. ಸುಮ್ಮನ ಮುಚ್ಚಿಟ್ಟರ ಮುಗೀತು."

ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದದ್ದರಿಂದ ಅದು ಸಿಟ್ಟು ಎಂದು ಗೊತ್ತಾಗುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಕಿವಿ ಬಿಸಿಯಾಯಿತು. ಅವನ ತಾಯಿ ಕೂತಿದ್ದ ಕಡೆ ಸರಸರ ನಡೆದೆ. ಹಿಂದಿನಿಂದ ಮಾರುವವನು, "ಅಮ್ಮಾ, ಆ ಮೊಕ್ಕ!" ಎಂದು ಕೂಗುತ್ತಿದ್ದ. ಮೊಕ್ಕ ಅಂದರೆ ಗಿಡ. ಆ ಕೊಳೆತ ಗಿಡ ನನ್ನ ಕೈಯಲ್ಲೇ ಇತ್ತು. ಪಾಪ, ಹುಡುಗನೇ ದುಡ್ಡು ಕೊಟ್ಟು ಬಂದನಂತೆ.

ತಾಯಿ ನಿಂಬೆ ಸೋಡಾ ಕುಡಿಯುತ್ತಿದ್ದರು. ವೈನಿ ಪಕ್ಕದಲ್ಲಿ ನಿಂತು ನನ್ನ ಅಡುಗೆಯನ್ನು ಹೊಗಳುತ್ತಿದ್ದರು. ನಾನು ಅಡುಗೆ ಮಾಡುವುದು ಅಷ್ಟಕ್ಕಷ್ಟೇ.

"ಅವ್ವಾರ, ನಿಮಗ ಒಂದು ಮಾತು ಹೇಳಬೇಕ್ರಿ," ಎಂದೆ. ವೈನಿ ನನ್ನ ಸೆರಗು ಜಗ್ಗಿದರು. ನಾನು ನಿಲ್ಲಲಿಲ್ಲ. ಚಿಗವ್ವನ ರೋಗ, ನಿಶ್ಚಯ ಮುರಿದದ್ದು, ಎಲ್ಲವನ್ನೂ ಕಾರ್ಖಾನೆಯಲ್ಲಿ ವರದಿ ಓದುವ ಹಾಗೆ ಒಂದೇ ಉಸಿರಿಗೆ ಹೇಳಿದೆ. ಅಷ್ಟರಲ್ಲಿ ಹುಡುಗನೂ ಬಂದು ಹಿಂದೆ ನಿಂತಿದ್ದ.

ಅವರು ಸೋಡಾ ಲೋಟವನ್ನು ಕೆಳಗಿಟ್ಟರು. ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಬಹುಶಃ ಅವತ್ತು ಮೊದಲ ಸಲ ಸರಿಯಾಗಿ ನೋಡಿದ್ದು.

"ಈಗ ಹೆಂಗದಾಳವಾ ಆಕಿ?" ಎಂದು ಕೇಳಿದರು. "ನಿದ್ದಿ ಬರ್ತದ? ಉಣ್ತಾಳ?"

ನಿಶ್ಚಯ ಮುರಿದಾಗಿನಿಂದ ಚಿಗವ್ವನ ಸುದ್ದಿ ನಮ್ಮ ಮನೆಯಲ್ಲಿ ದಿನವೂ ಬಂದಿತ್ತು. ಅವಳಿಂದ ಹೀಗಾಯಿತು, ಅವಳನ್ನು ಎಲ್ಲಿ ಇಡಬೇಕು, ಯಾರಿಗೆ ಹೇಳಬಾರದು. ಅವಳು ಹೇಗಿದ್ದಾಳೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

"ಉಣ್ತಾಳ್ರಿ," ಎಂದೆ. "ನನ್ನ ದನಿ ಗುರ್ತು ಹಿಡೀತಾಳ." ಇನ್ನೂ ಏನೋ ಹೇಳಬೇಕೆಂದಿದ್ದೆ, ಗೊಬ್ಬರದ ಚೀಲಗಳ ಪಕ್ಕದಲ್ಲಿ ನಿಂತು ಅತ್ತುಬಿಟ್ಟೆ. ಜನ ತಿರುಗಿ ನೋಡಿದರು. ಹುಡುಗನ ತಾಯಿ ಕುರ್ಚಿಯಿಂದ ಕಷ್ಟಪಟ್ಟು ಎದ್ದು, ನನ್ನನ್ನು ಅದರಲ್ಲಿ ಕೂರಿಸಿ, ತಮ್ಮ ಸೋಡಾವನ್ನೇ ಕೊಟ್ಟರು.

ಸಂಜೆ ಅಣ್ಣನ ಮನೆಗೆ ಅವರಿಂದಲೇ ಫೋನ್ ಬಂತು. ನಮಗೆ ಒಪ್ಪಿಗೆ, ಹುಡುಗಿಯನ್ನು ಕೇಳಿ ಹೇಳಿ ಎಂದರಂತೆ. ವೈನಿಯ ಮುಖ ಅರಳಿತ್ತು.

"ಹುಡುಗ ಬ್ಯಾಡ ವೈನಿ," ಎಂದೆ.

"ಯಾಕವಾ? ಅವರಿಗೆ ಎಲ್ಲಾ ಗೊತ್ತಾಗಿ ಹೂಂ ಅಂದಾರ. ಇಂಥಾ ಅತ್ತಿ ಎಲ್ಲಿ ಸಿಗ್ತಾಳ?"

"ಎಲ್ಲೂ ಸಿಗೂದಿಲ್ಲ," ಎಂದೆ. "ಆದರ ನಾ ಬಾಳ್ವೆ ಮಾಡಬೇಕಾದ್ದು ಮಗನ ಕೂಡ."

ಹೇಳುವಾಗ ನೋವಾಯಿತು. ಆ ಮನೆಗೆ ಹೋಗಬೇಕೆಂದು ನನಗೆ ತುಂಬ ಆಸೆಯಾಗಿತ್ತು.