ವೆಂಕಟರತ್ನಮ್ಮನ ಉಲ್ಲನ್ ಮುದ್ದೆ

ಕ್ಯಾಸಂಬಳ್ಳಿಯ ಚಿಕ್ಕವೆಂಕಟಪ್ಪನ ಮಗಳು ವೆಂಕಟರತ್ನಮ್ಮ ಹುಟ್ಟಾ ಎಡಚಿ. ಹುರುಳಿಕಾಯಿ ಬಿಡಿಸುವುದು, ಹಾಲು ಕರೆಯುವುದು, ಬಾವಿಯಿಂದ ನೀರು ಸೇದುವುದು, ಎಲ್ಲಕ್ಕೂ ಎಡಗೈಯೇ ಮುಂದು. ಶಾಲೆಯಲ್ಲಿ ಮೇಷ್ಟ್ರು ಬಳಪ ಹಿಡಿದ ಕೈಯ ಗೆಣ್ಣಿನ ಮೇಲೆ ಅಡಿಪಟ್ಟಿಯಲ್ಲಿ ಹೊಡೆದು ಹೊಡೆದು ಅಕ್ಷರವನ್ನೇನೋ ಬಲಗೈಗೆ ದಾಟಿಸಿದರು. ಉಳಿದ ಕೆಲಸಗಳನ್ನು ದಾಟಿಸಲು ಯಾರಿಂದಲೂ ಆಗಲಿಲ್ಲ. ಅಪ್ಪನಿಗೆ ಅದೊಂದು ದೊಡ್ಡ ವಿಷಯವಾಗಿ ಕಾಣಲೂ ಇಲ್ಲ. "ಯಾವ ಕೈಯಲ್ಲಿ ಕರದ್ರು ಅಂತ ಎಮ್ಮೆ ಕೇಳ್ತದಾ? ಆಲು ಕೊಡ್ತದೆ ತಾನೆ" ಎಂದು ನಕ್ಕು ಸುಮ್ಮನಾಗುತ್ತಿದ್ದ.

ಎಪ್ಪತ್ತಾರನೇ ಇಸವಿಯಲ್ಲಿ ಅವಳನ್ನು ಬಂಗಾರಪೇಟೆಗೆ ಕೊಟ್ಟರು. ಗಂಡ ಶ್ರೀರಾಮಪ್ಪ ನಾಲ್ಕು ಹಸು ಸಾಕಿಕೊಂಡು ಹಾಲು ಮಾರುತ್ತಿದ್ದ ಮನುಷ್ಯ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವನು ಉಳಿಸಿದ ಮಾತನ್ನೆಲ್ಲ ಅವನ ತಾಯಿ ಮುನಿನಾರಾಯಣಮ್ಮ ಆಡುತ್ತಿದ್ದಳು. ಸೊಸೆ ಬಂದ ಮೂರನೇ ವಾರಕ್ಕೆ ಮನೆಗೆ ನೆಂಟರು ಬಂದರು. ವೆಂಕಟರತ್ನಮ್ಮ ಒಲೆಯ ಮುಂದೆ ಕೂತು, ಕೈ ಒದ್ದೆ ಮಾಡಿಕೊಂಡು, ಎಡ ಅಂಗೈಯಲ್ಲಿ ಮುದ್ದೆ ಹೊರಳಿಸಿ ಕಟ್ಟಿ ಬುಟ್ಟಿಗೆ ಹಾಕುತ್ತಿದ್ದಳು. ಅದನ್ನು ಕಂಡ ಅತ್ತೆಯ ತಮ್ಮ ಬಚ್ಚಪ್ಪ ತಟ್ಟೆ ದೂಡಿದ.

"ಎಡಗೈಲಿ ಕಟ್ಟಿದ ಮುದ್ದೆ ನಂಗ್ ಬ್ಯಾಡಕ್ಕ. ಅನ್ನ ಇದ್ರೆ ಆಕು."

ಅವನು ಹೋದ ಮೇಲೆ ಮುನಿನಾರಾಯಣಮ್ಮ ಸೊಸೆಯನ್ನು ಬೈಯಲಿಲ್ಲ. "ನೆಂಟ್ರು ಬಂದಾಗ ನೀನು ಮುದ್ದೆ ಮುಟ್ಬೇಡ" ಎಂದಳು, ಅಷ್ಟೆ. ಬೈದಿದ್ದರೆ ಅತ್ತು ಮರೆಯಬಹುದಿತ್ತು. ಆ ಒಂದು ಮಾತು ಮಾತ್ರ ಏಳು ವರ್ಷ ಆ ಮನೆಯ ಕಾನೂನಾಗಿ ನಿಂತಿತು. ಯಾರಾದರೂ ಬಂದರೆಂದರೆ ವೆಂಕಟರತ್ನಮ್ಮ ಒಲೆ ಬಿಟ್ಟೆದ್ದು ಹಿತ್ತಿಲಿಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದಳು.

ಬೆಳಗಿನ ರೈಲಿನಲ್ಲಿ ಹಾಲಿನ ಕ್ಯಾನು ಹಿಡಿದು ಚಿನ್ನದ ಗಣಿಯ ಊರಾದ ಉರಿಗಾಂಗೆ ಹೋಗುವ ಕೆಲಸ ಅವಳ ಪಾಲಿಗೆ ಬಂದದ್ದು ಹಾಗೆಯೇ. ಮನೆಯಿಂದ ಆಚೆ ಹೋಗುವುದೇ ಅವಳಿಗೆ ಹಾಯೆನಿಸಿತು. ಗಣಿ ಕೆಲಸಗಾರರ ಮನೆಗಳ ಸಾಲಿನಲ್ಲಿ ಮನೆಮನೆಗೂ ಹಾಲು ಅಳೆದು ಕೊಡುತ್ತ ಹೋದರೆ ಕೊನೆಯ ಮನೆ ಮಾರಿಯಮ್ಮನದು. ಗಂಡ ಗಣಿಯಲ್ಲಿದ್ದವನು, ಎದೆಯ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಮಾರಿಯಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು, ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಒಂದು ಕಡ್ಡಿಯಿಂದ ದಾರವನ್ನು ಎಳೆದೆಳೆದು ಮೇಜಿನ ಹೊದಿಕೆ ಹೆಣೆಯುತ್ತಿದ್ದಳು. ಗಣಿಯ ದೊರೆಗಳ ಬಂಗಲೆಯಲ್ಲಿ ಆಯಾ ಆಗಿದ್ದ ಅವಳ ಅಮ್ಮ ಕಲಿಸಿದ ಕ್ರೋಶಾ ಕೆಲಸ ಅದು. ಒಂದೇ ಕಡ್ಡಿ, ಒಂದೇ ದಾರ. ನೋಡುತ್ತ ನಿಂತರೆ ಹೂವೊಂದು ತಾನಾಗಿ ಅರಳಿದ ಹಾಗೆ ಬೆಳೆಯುತ್ತಿತ್ತು. ವೆಂಕಟರತ್ನಮ್ಮ ಖಾಲಿ ಕ್ಯಾನು ಸೊಂಟಕ್ಕೆ ಇಟ್ಟುಕೊಂಡು ದಿನವೂ ನಿಲ್ಲುವಳು.

"ಏನ್ ಕಣ್ಣು, ದಿನಾ ನಿಂತ್ಕೊಂಡೇ ನೋಡ್ತೀಯ? ಬಾ, ಉಕ್ಕಾರು" ಎಂದು ಮಾರಿಯಮ್ಮ ಒಂದು ದಿನ ತನ್ನ ತಮಿಳು ಬೆರೆತ ಕನ್ನಡದಲ್ಲಿ ಮುದ್ದಿನಿಂದ ಕರೆದು, ಸರಿದು, ಮೆಟ್ಟಿಲ ಮೇಲೆ ಕೂರಲು ಜಾಗ ಮಾಡಿಕೊಟ್ಟಳು.

ಒಂದು ವಾರ ಪಕ್ಕದಲ್ಲಿ ಕೂತು ಕಲಿಯಲು ಹೆಣಗಿದ್ದಾಯಿತು. ಮಾರಿಯಮ್ಮನ ಕಡ್ಡಿ ಬಲಗೈಯಲ್ಲಿ ಒಂದು ಕಡೆ ಓಡಿದರೆ ಇವಳ ಎಡಗೈ ಇನ್ನೊಂದು ಕಡೆ ಎಳೆಯುತ್ತಿತ್ತು. ದಾರ ಸಿಕ್ಕಾಗಿ ಬೆರಳಿಗೇ ಸುತ್ತಿಕೊಳ್ಳುತ್ತಿತ್ತು. ಎಂಟನೆಯ ದಿನ ವೆಂಕಟರತ್ನಮ್ಮ ಕಡ್ಡಿಯನ್ನು ಮೆಟ್ಟಿಲ ಮೇಲೆ ಇಟ್ಟುಬಿಟ್ಟಳು.

"ನಂದು ಪುರಚೆ ಕೈಯಕ್ಕ, ಎಡಚಿ ನಾನು. ನಂಗಿದು ಬರಾಕಿಲ್ಲ."

ಮಾರಿಯಮ್ಮ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದಳು. ಆಮೇಲೆ ಒಳಗಿನಿಂದ ಒಂದು ಬಕೆಟ್ ತಂದು, ಎದುರಿಗೆ ಬೋರಲು ಹಾಕಿ, ಅದರ ಮೇಲೆ ಕೂತಳು.

"ಪಕ್ಕದಲ್ಲಿ ಕೂತರೆ ಬರಲ್ಲ. ಎದ್ರಲ್ಲಿ ಕೂತ್ಕೋ. ಕನ್ನಡಿ ನೋಡಿ ತಲೆ ಬಾಚ್ತೀಯಲ್ಲ, ಹಂಗೆ ನನ್ನ ನೋಡು. ನನ್ ಕೈ ಯಾವ ಕಡೆ ಹೋಗುತ್ತೋ ನಿನ್ ಕೈನೂ ಆ ಕಡೇನೇ ಬರ್ಲಿ."

ಹತ್ತು ನಿಮಿಷದಲ್ಲಿ ವೆಂಕಟರತ್ನಮ್ಮನ ಎಡಗೈಯಲ್ಲಿ ಗೇಣುದ್ದ ಸರಪಳಿ ಇಳಿದಿತ್ತು. ಅಂದು ಅವಳಿಗೆ ಬಂಗಾರಪೇಟೆಯ ರೈಲು ತಪ್ಪಿತು.

ಮಾರಿಯಮ್ಮ ಗಂಡನ ಹಳೆಯ ಸ್ವೆಟರ್ ಬಿಚ್ಚಿ, ಕಂದು ಬಣ್ಣದ ಆ ಉಲ್ಲನ್ನಿನಲ್ಲಿ ಸುತ್ತು ಹಾಕುವುದನ್ನು ಕಲಿಸಿದಳು. ಎರಡು ಸರಪಳಿ ಹಾಕು, ಮೊದಲನೆಯ ಕಣ್ಣಿನಲ್ಲೇ ಆರು ಹೊಲಿಗೆ ಹಾಕು. ಮುಂದಿನ ಸುತ್ತಿನಲ್ಲಿ ಒಂದೊಂದರಲ್ಲೂ ಎರಡು, ಹನ್ನೆರಡಾಯಿತು. ಅದರ ಮುಂದಿನದರಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು, ಹದಿನೆಂಟು. ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋದರೆ ಚಪ್ಪಟೆಯಾದ ಚಕ್ರವಾಗಬೇಕು. ವೆಂಕಟರತ್ನಮ್ಮ ಮನೆಯಲ್ಲಿ ಕದ್ದು ಮುಚ್ಚಿ ಹೆಣೆಯುವಾಗ ಇಪ್ಪತ್ತನಾಲ್ಕಕ್ಕೆ ಬಂದ ಮೇಲೆ ಹೆಚ್ಚಿಸುವುದನ್ನೇ ಮರೆತಳು. ಚಕ್ರ ಅಂಚಿನಲ್ಲಿ ಮೇಲೆದ್ದು ಬಟ್ಟಲಾಗಿಬಿಟ್ಟಿತು. ಮಾರಿಯಮ್ಮನಿಗೆ ಅದನ್ನು ತೋರಿಸುವಾಗ ಅವಳ ಮುಖ ಬಾಡಿತ್ತು. ಮಾರಿಯಮ್ಮ ಬಿಚ್ಚಲಿಲ್ಲ. ಹೆಚ್ಚಿಸಿದ ಹಾಗೆಯೇ ಈಗ ಸುತ್ತಿಗೆ ಆರಾರು ತಗ್ಗಿಸು ಎಂದಳು. ಬಾಯಿ ಚಿಕ್ಕದಾಗುತ್ತ ಬಂದಾಗ ಹರಿದ ದಿಂಬಿನಿಂದ ಬೂರುಗದ ಹತ್ತಿ ತೆಗೆದು ತುಂಬಿಸಿ, ದಾರ ಎಳೆದು ಮುಚ್ಚಿಸಿದಳು. ಕಂದು ಬಣ್ಣದ, ದುಂಡನೆಯ, ಒತ್ತಿದರೆ ತಗ್ಗುವ ಉಂಡೆ.

"ಅಯ್ಯೋ, ಕಳಿ!" ಎಂದು ಮಾರಿಯಮ್ಮ ಚಪ್ಪಾಳೆ ತಟ್ಟಿದಳು. "ನಿಮ್ ಭಾಷೇಲಿ ಮುದ್ದೆ. ಹಿಟ್ಟಿಲ್ಲದೆ ಮುದ್ದೆ ಕಟ್ಬಿಟ್ಟೆಯಲ್ಲ ಕಣ್ಣು!"

ಎಂಬತ್ಮೂರರ ಬೇಸಿಗೆಯಲ್ಲಿ ಬಂಗಾರಪೇಟೆಯ ಮಹಿಳಾ ಮಂಡಲಿಯವರು ಹೆಣಿಗೆ ತರಗತಿ ಶುರು ಮಾಡುತ್ತಾರೆ, ಕಲಿಸುವವರು ಬೇಕು ಎಂಬ ಸುದ್ದಿ ಬಂತು. ಅಷ್ಟರಲ್ಲಿ ವೆಂಕಟರತ್ನಮ್ಮನ ಹೆಣಿಗೆ ಮನೆಯವರಿಗೂ ಗೊತ್ತಾಗಿತ್ತು; ಯಾರೂ ಹೇಳದೆ ತಾನೇ ಅರ್ಜಿ ಹಾಕಿದಳು. ಪರೀಕ್ಷೆ ಏನೆಂದು ಆಮೇಲೆ ತಿಳಿಯಿತು. ಮಂಡಲಿಯ ಅಧ್ಯಕ್ಷೆ ಅನಸೂಯಮ್ಮ ನಿವೃತ್ತ ಹೊಲಿಗೆ ಟೀಚರು, ಕಟ್ಟುನಿಟ್ಟಿನ ಹೆಂಗಸು. ನಿಮ್ಮ ಕೈಚಳಕ ನನಗೆ ಬೇಡ, ಕಡ್ಡಿಯನ್ನೇ ಹಿಡಿಯದ ಮೂವರನ್ನು ಕೊಡುತ್ತೇನೆ, ಎರಡು ಗಂಟೆಯಲ್ಲಿ ಒಂದು ವಸ್ತುವನ್ನು ಪೂರ್ತಿ ಮಾಡಿಸಿ ತೋರಿಸಿ ಎಂದಿದ್ದರು.

"ಏನ್ ಕಲಿಸ್ಲಿ?" ಎಂದು ಅವಳು ಗಂಡನನ್ನು ಕೇಳಿದಳು.

ಶ್ರೀರಾಮಪ್ಪ ಹಸುವಿನ ಮೈ ತಿಕ್ಕುತ್ತಲೇ, "ನಿಂಗೆ ಮೊದ್ಲು ಬಂದಿದ್ದು ಯಾವ್ದೋ ಅದ್ನೇ ಕಲ್ಸು" ಎಂದ. ಆ ದಿನದ ಅವನ ಹತ್ತು ಮಾತೂ ಅದರಲ್ಲೇ ಮುಗಿದವು.

ಪರೀಕ್ಷೆಯ ದಿನ ಮುನಿನಾರಾಯಣಮ್ಮ ಕರೆಯದೆಯೇ ಹೊರಟು ನಿಂತಳು. ಸೊಸೆ ಊರವರ ಮುಂದೆ ಎಡಗೈ ಆಡಿಸಿ ನಗೆಪಾಟಲಾದರೆ ಕೈ ಹಿಡಿದು ಎಳೆದುಕೊಂಡು ಬರುವುದಕ್ಕೆ ತಾನು ಇರಬೇಕೆಂಬುದು ಅವಳ ವಾದ. ಅಲ್ಲಿ ನೋಡಿದರೆ ಇನ್ನೊಬ್ಬ ಅಭ್ಯರ್ಥಿ ಕಾನ್ವೆಂಟಿನಲ್ಲಿ ಓದಿದ ಹುಡುಗಿ. ಅವಳು ಹೆಣೆದು ತಂದಿದ್ದ ಬಾಗಿಲ ತೋರಣ ನೋಡಿ ಎಲ್ಲರೂ ಬೆರಗಾಗಿದ್ದರು. ವೆಂಕಟರತ್ನಮ್ಮನ ಪಾಲಿಗೆ ಬಂದವರು ಇಬ್ಬರೇ, ಮೂರನೆಯವಳು ಬಂದಿರಲಿಲ್ಲ. ಅನಸೂಯಮ್ಮ ಸುತ್ತ ನೋಡಿ, ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮುನಿನಾರಾಯಣಮ್ಮನತ್ತ ಬೆರಳು ತೋರಿಸಿದರು.

"ನೀವು ಕಡ್ಡಿ ಹಿಡಿದಿದ್ದೀರೇನಮ್ಮ?"

"ಒಲೆ ಊದೋ ಕೊಳವೆ ಇಡ್ದಿವ್ನಿ, ಈ ಕಡ್ಡಿ ಇಡ್ದಿಲ್ಲ."

"ಹಾಗಾದರೆ ಬನ್ನಿ, ಕೂತುಕೊಳ್ಳಿ."

ಅತ್ತೆ ಎದುರಿಗೆ ಕೂತದ್ದು ಕಂಡು ವೆಂಕಟರತ್ನಮ್ಮ ಬೇಗಬೇಗನೆ ಕಡ್ಡಿ ಕೈಗೆತ್ತಿಕೊಂಡಳು. ಅವಳು ಕಡ್ಡಿ ಹಿಡಿದ ಕೈಯನ್ನು ಅನಸೂಯಮ್ಮ ಗಮನಿಸಿದರು. "ಎಡಗೈಯಾ? ಕಲಿಯುವವರ ಕೈಯೂ ಕೆಡುತ್ತದಲ್ಲಮ್ಮ" ಎಂದು ಪುಸ್ತಕದಲ್ಲಿ ಏನೋ ಗೀಚಿಕೊಂಡರು. ಮುನಿನಾರಾಯಣಮ್ಮ ತಲೆ ತಗ್ಗಿಸಿದಳು.

ಕೆಲಸ ಶುರುವಾಯಿತು. ವೆಂಕಟರತ್ನಮ್ಮ ದಪ್ಪ ಕಡ್ಡಿ, ದಪ್ಪ ಕಂದು ಉಲ್ಲನ್ ತಂದಿದ್ದಳು. ಸುತ್ತು ಎಲ್ಲಿ ಶುರುವಾಯಿತೆಂದು ತಿಳಿಯಲು ಒಂದೊಂದು ತುಂಡು ಕೆಂಪು ದಾರ ಕೊಟ್ಟಳು. ಸರಪಳಿ ಹಾಕಿ ತೋರಿಸಿದಳು. ಮೂವರ ಬಲಗೈಗಳೂ ಎದ್ದವು, ಅವಳ ಎಡಗೈ ಹೋದತ್ತಲೇ ಹೋದವು, ತಿರುಗಿದತ್ತಲೇ ತಿರುಗಿದವು. ಒಬ್ಬಳೂ ತಡವರಿಸಲಿಲ್ಲ. ಆಚೆ ಬದಿಯಲ್ಲಿ ಕಾನ್ವೆಂಟ್ ಹುಡುಗಿ, "ನನ್ನದು ಈ ಕಡೆ ಹೋದರೆ ನೀವು ಆ ಕಡೆ ಹೋಗಬೇಕು" ಎಂದು ಒಬ್ಬೊಬ್ಬರ ಬೆನ್ನ ಹಿಂದೆ ಹೋಗಿ ಕೈ ಹಿಡಿದು ತಿದ್ದುತ್ತಿದ್ದಳು. ಪಾಪ, ಅವಳ ಹಣೆಯಲ್ಲಿ ಬೆವರಿಳಿದಿತ್ತು. ವೆಂಕಟರತ್ನಮ್ಮನಿಗೆ ಥಟ್ಟನೆ ಹೊಳೆಯಿತು. ಅಂದು ಬಕೆಟ್ಟಿನ ಮೇಲೆ ಕೂತಿದ್ದ ಮಾರಿಯಮ್ಮ ತನಗೊಬ್ಬಳಿಗೆ ಕನ್ನಡಿಯಾಗಿದ್ದಳು. ಬಲಗೈಯವರೇ ತುಂಬಿರುವ ಈ ಲೋಕಕ್ಕೆಲ್ಲ ತಾನೇ ಕನ್ನಡಿ! ಅವಳ ದನಿ ಗಟ್ಟಿಯಾಯಿತು.

"ಇಷ್ಟ್ ಸಣ್ ತೂತು ನನ್ ಕಣ್ಣಿಗೆ ಕಾಣಾಕಿಲ್ಲ ಕಣೇ" ಎಂದಳು ಅತ್ತೆ.

"ಕಣ್ಣು ಬ್ಯಾಡ ಅತ್ತೆ, ಬೆಳ್ಳಲ್ಲಿ ತಡವಿ. ಹುರುಳಿಕಾಯಿ ನಾರು ತೆಗೀತೀರಲ್ಲ, ಅಂಗೆ."

ಒಂದೂಕಾಲು ಗಂಟೆಯಾಗುವಷ್ಟರಲ್ಲಿ ಇಬ್ಬರ ಉಂಡೆಗಳು ದುಂಡಗಾಗಿದ್ದವು. ಮುನಿನಾರಾಯಣಮ್ಮನದು ಮಾತ್ರ ಮೂತಿ ಚೂಪಾಗಿ ಹಾಗಲಕಾಯಿಯ ತುದಿಯಂತಾಗಿತ್ತು. ಮೂರನೇ ಸುತ್ತಿನಲ್ಲಿ ಹೆಚ್ಚಿಸುವುದನ್ನು ಬಿಟ್ಟಿದ್ದಳು. ವೆಂಕಟರತ್ನಮ್ಮ ಅದನ್ನು ಕೈಗೆ ತೆಗೆದುಕೊಂಡು ಒಂದು ಕ್ಷಣ ನೋಡಿ, ದಾರದ ತುದಿ ಹಿಡಿದು ಸರ್ರನೆ ಎಳೆದಳು. ಎಲ್ಲವೂ ಬಿಚ್ಚಿಕೊಂಡು ಮಡಿಲಿಗೆ ಬಿತ್ತು.

"ಅಯ್ಯಯ್ಯೋ! ಎಲ್ಲಾ ಆಳ್ಮಾಡ್ಬುಟ್ಟಲ್ಲೇ! ಇನ್ನೆಲ್ಲಿ ಟೈಮಿದೆ?"

"ಏನೂ ಆಳಾಗಿಲ್ಲ ಅತ್ತೆ. ಉಲ್ಲನ್ ಇಲ್ಲೇ ಐತೆ, ಕೆಲಸ ನಿಮ್ ಬೆಳ್ಳಲ್ಲೈತೆ. ಈ ಸಾರಿ ಅದೇ ಓಡ್ತದೆ, ನೋಡ್ತಿರಿ."

ಓಡಿತು. ಮುನಿನಾರಾಯಣಮ್ಮ ಹಠಕ್ಕೆ ಬಿದ್ದಳು. ತುಟಿಯಲ್ಲೇ ಎಣಿಸುತ್ತ, ಕೆಂಪು ದಾರ ಬಂದಾಗಲೆಲ್ಲ "ಬಂದ ನೋಡು" ಎಂದು ಅದನ್ನು ಮೇಲಕ್ಕೆ ಸರಿಸುತ್ತ, ಸೊಸೆಯ ಎಡಗೈಯಿಂದ ಕಣ್ಣು ಕೀಳದೆ ಹೆಣೆದಳು. ಹತ್ತಿ ತುಂಬಿ ಬಾಯಿ ಮುಚ್ಚಿದಾಗ ಗಡಿಯಾರದಲ್ಲಿ ಇನ್ನೂ ಐದು ನಿಮಿಷವಿತ್ತು. ಆ ಐದು ನಿಮಿಷವೂ ಅವಳು ಅದನ್ನು ಎರಡು ಅಂಗೈಗಳ ನಡುವೆ ಹೊರಳಿಸಿ ಹೊರಳಿಸಿ ದುಂಡು ಮಾಡಿದಳು.

ಅನಸೂಯಮ್ಮನ ಮೇಜಿನ ಮೇಲೆ ಒಂದು ಕಡೆ ಅರ್ಧಂಬರ್ಧ ಹೆಣೆದ ಮೂರು ತೋರಣಗಳು, ಇನ್ನೊಂದು ಕಡೆ ಮೂರು ಮುದ್ದೆಗಳು. ಅವರು ಮುದ್ದೆಯೊಂದನ್ನು ಬೆಳಕಿಗೆ ಹಿಡಿದು, ಹೊಲಿಗೆ ಯಾವ ಕಡೆ ವಾಲಿದೆಯೆಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಇನ್ನೊಂದನ್ನು ನೋಡಿದರು.

"ಇವೆಲ್ಲ ಸರಿಯಾಗಿ ಬಲಗೈ ಹೆಣಿಗೆಯೇ. ಹೇಗಮ್ಮ?"

"ಎದ್ರುಗೆ ಕೂತೋರ್ಗೆ ನನ್ ಎಡಗೈ ಅವ್ರ ಬಲಗೈ ಥರಾನೇ ಕಾಣ್ತದೆ ಮೇಡಂ. ಕನ್ನಡೀಲಿ ಕಂಡಂಗೆ. ಬೇಕಾದ್ರೆ ನೀವೇ ಕೂತು ನೋಡಿ."

ಅನಸೂಯಮ್ಮ ನಿಜಕ್ಕೂ ಎದ್ದು ಬಂದು, ಸೆರಗು ಸಿಕ್ಕಿಸಿಕೊಂಡು, ಚಾಪೆಯ ಮೇಲೆ ವೆಂಕಟರತ್ನಮ್ಮನ ಎದುರು ಕೂತರು. ಕಡ್ಡಿ ಹಿಡಿದು ಮೂರು ಸುತ್ತು ಹಾಕಿದರು. ಆಮೇಲೆ ಪುಸ್ತಕ ತರಿಸಿ, ಮೊದಲು ಗೀಚಿದ್ದನ್ನು ಹೊಡೆದು ಹಾಕಿದರು.

"ಮೂವತ್ತು ವರ್ಷ ಮಕ್ಕಳಿಗೆ ಉಲ್ಟಾ ನೋಡಿಕೊಳ್ಳಿ, ಉಲ್ಟಾ ನೋಡಿಕೊಳ್ಳಿ ಅಂತ ಗಂಟಲು ಹರಿದುಕೊಂಡೆನಲ್ಲಮ್ಮ" ಎಂದರು. "ಸೋಮವಾರದಿಂದ ಬಂದುಬಿಡಿ."

ಮನೆಯ ದಾರಿಯುದ್ದಕ್ಕೂ ಮುನಿನಾರಾಯಣಮ್ಮ ಸೆರಗು ಹಿಡಿದೇ ನಡೆದಳು. ಉಲ್ಲನ್ ಮುದ್ದೆ ಸೆರಗಿನ ಗಂಟಿನಲ್ಲಿತ್ತು. ರೈಲ್ವೆ ಗೇಟು ಹಾಕಿತ್ತು. ಗಾಡಿ ಹಾದು ಹೋಗುವವರೆಗೆ ಇಬ್ಬರೂ ನಿಂತರು. ಗೇಟು ಎತ್ತಿದಾಗ ಅತ್ತೆ ಮುಂದೆ ನೋಡುತ್ತಲೇ ಹೇಳಿದಳು:

"ನಾಳೆ ಬಚ್ಚಪ್ಪ ಬತ್ತಾನೆ. ಮುದ್ದೆ ನೀನೇ ಕಟ್ಟು."

"ಅವ್ರು ಬ್ಯಾಡ ಅಂದ್ರೆ?"

"ಬ್ಯಾಡ ಅನ್ನೋನು ಉಪಾಸ ಇರ್ಲಿ. ನಾಳೆ ನಮ್ಮನೇಲಿ ಅನ್ನ ಮಾಡಾಕಿಲ್ಲ."

ಬಚ್ಚಪ್ಪ ಮರುದಿನ ಎರಡು ಮುದ್ದೆ ಉಂಡ.

ಆ ತರಗತಿ ಹನ್ನೆರಡು ವರ್ಷ ನಡೆಯಿತು. ರಾಗಿ ಕಳೆ ತೆಗೆದು ಒರಟಾದ ಕೈಗಳು ಬಂದವು, ಇಟ್ಟಿಗೆ ಹೊತ್ತ ಕೈಗಳು ಬಂದವು. ಉರಿಗಾಂನ ಹೆಂಗಸರೂ ರೈಲು ಹತ್ತಿ ಬಂದರು. ಅವರಿಗೆ ತಮಿಳಿನಲ್ಲಿ, ಆಂಧ್ರದ ಗಡಿಯ ಕಡೆಯವರಿಗೆ ತೆಲುಗಿನಲ್ಲಿ ಪಾಠವಾಗುತ್ತಿತ್ತು. ಯಾರೇ ಬಂದರೂ ಮೊದಲ ಪಾಠ ಮುದ್ದೆಯೇ. ಅದು ಸೊಟ್ಟಗಾದರೂ ಮುದ್ದೆಯಂತೆಯೇ ಕಾಣುತ್ತದೆ, ಕಲಿಯುವವರು ಎದೆಗುಂದುವುದಿಲ್ಲ ಎನ್ನುತ್ತಿದ್ದಳು ವೆಂಕಟರತ್ನಮ್ಮ. ಮುದ್ದೆ ಬಂದವರು ನಿಂಬೆಹಣ್ಣಿಗೆ, ಬದನೆಕಾಯಿಗೆ, ಆಮೇಲೆ ಮೆಣಸಿನಕಾಯಿ ಬಜ್ಜಿಗೆ ಏರುತ್ತಿದ್ದರು. ವರ್ಷಕ್ಕೆರಡು ಸಲ ಮಾರಿಯಮ್ಮ ಬಂದು ಹೊಸ ನಮೂನೆ ಹೇಳಿಕೊಡುತ್ತಿದ್ದಳು. ಬಂದಾಗ ಅವಳಿಗೆ ಕುರ್ಚಿ, ಉಳಿದವರಿಗೆಲ್ಲ ಚಾಪೆ.

ತೊಂಬತ್ತೆರಡರ ಆಗಸ್ಟ್ ಹದಿನೈದಕ್ಕೆ ತಾಲ್ಲೂಕು ಮೈದಾನದಲ್ಲಿ ವಸ್ತುಪ್ರದರ್ಶನ ಇಟ್ಟಾಗ, ಮಂಡಲಿಯವರು ಉದ್ದನೆಯ ಮೇಜಿನ ಮೇಲೆ ಬಾಳೆಲೆ ಹಾಸಿ ಉಲ್ಲನ್ನಿನ ಊಟ ಬಡಿಸಿದರು. ನೂರ ಎಂಟು ಮುದ್ದೆ, ಹೋಳಿಗೆ, ಹಪ್ಪಳ, ಸೌತೆಕಾಯಿ, ಸಾಲುಸಾಲು ಅವರೆಕಾಯಿ. ಶಾಲೆಯ ಮಕ್ಕಳು ಮುಗಿಬಿದ್ದರು. ಪ್ರಥಮ ಬಹುಮಾನದ ಕಪ್ ಕೊಡಲು ಬಂದ ಅಧಿಕಾರಿಗಳು ಒಂದು ಮುದ್ದೆಯ ಮುಂದೆ ಕುತೂಹಲದಿಂದ ಬಗ್ಗಿದರು. ಮೇಜಿನ ಹಿಂದೆ ಹೊಸ ಸೀರೆ ಉಟ್ಟು ನಿಂತಿದ್ದ ಮುನಿನಾರಾಯಣಮ್ಮ ಅದನ್ನೆತ್ತಿ ಅವರ ಅಂಗೈಗೇ ಇಟ್ಟಳು.

"ಇದು ನಂದು ಸ್ವಾಮಿ, ನಮ್ ಸೊಸೆ ಕಲ್ಸಿದ್ದು. ಒತ್ತಿ ನೋಡಿ, ಎಲ್ಲಾದ್ರೂ ಒಂದ್ ಗಂಟು ಸಿಕ್ತದಾ ಏಳಿ!"