ಇಲ್ಲದ ಕಾಲಿನ ಉರಿ

ಮೂಳೆಯ ಕ್ಯಾನ್ಸರ್ ಆಗಿ ನನ್ನ ತಂಗಿಯ ಬಲಗಾಲನ್ನು ತೆಗೆದಿದ್ದರು. ಆದರೂ ಇಲ್ಲದ ಆ ಪಾದ ಉರಿಯುತ್ತದೆ ಎಂದು ಅವಳು ಅಳುತ್ತಿದ್ದಳು. ಮನೆಯವರು ಅದು ಭ್ರಮೆ ಎಂದರು. ಗದಗಿನ ಡಾಕ್ಟರಮ್ಮ ಮಾತ್ರ, "ಕಾಲಿಲ್ಲ ಖರೆ, ಆದ್ರ ನೋವು ಸುಳ್ಳಲ್ರಿ. ಮಿದುಳಿನ ಲೆಕ್ಕದಾಗ ಆ ಕಾಲು ಇನ್ನೂ ಐತಿ," ಎಂದರು. ಗುಳಿಗೆಯ ಜೊತೆಗೆ ಸಂಮೋಹನವನ್ನೂ ಮಾಡಿ, ಅದನ್ನು ನನಗೂ ಕಲಿಸಿಕೊಟ್ಟರು.

ದಿನಾ ಅವಳು ಕಣ್ಣು ಮುಚ್ಚಿ ಮಲಗುತ್ತಿದ್ದಳು. ನಾನು ಮೆಲ್ಲಗೆ ಹೇಳುತ್ತಿದ್ದೆ: "ಡಂಬಳದ ಕೆರಿ ದಂಡಿ ಮ್ಯಾಲ ಕುಂತೀವಿ. ಎರಡೂ ಕಾಲು ನೀರಾಗ ಬಿಡು. ನೀರು ತಣ್ಣಗ ಐತಿ." ಸ್ವಲ್ಪ ಹೊತ್ತಿಗೆ ಅವಳ ಹುಬ್ಬಿನ ಗಂಟು ಸಡಿಲಾಗುತ್ತಿತ್ತು. "ಉರಿ ಆರ್ತು ಅಕ್ಕಾ," ಎನ್ನುತ್ತಿದ್ದಳು.

ಆಮೇಲೆ ರೋಗ ಶ್ವಾಸಕೋಶಕ್ಕೂ ಹಬ್ಬಿತು. ರೋಗವನ್ನು ಈ ಮಾತುಗಳು ತಡೆಯಲಾರವು ಎಂದು ಡಾಕ್ಟರಮ್ಮ ಮೊದಲೇ ತಿಳಿಸಿದ್ದರು. ಕೊನೆಯ ಮಧ್ಯಾಹ್ನ ತಂಗಿ, "ಅಕ್ಕಾ, ಕೆರಿಗೆ ಕರ್ಕೊಂಡು ಹೋಗು. ನೀನೂ ಕಾಲು ಇಳಿಬಿಡು," ಎಂದಳು. ಇಳಿಬಿಟ್ಟೆ ಎಂದೆ. ನಾನು ಹೇಳುತ್ತಿರುವಾಗಲೇ ಅವಳ ಉಸಿರು ನಿಂತಿತು. ಅದು ನನಗೆ ತಿಳಿಯಿತು. ಆದರೂ ನಿಲ್ಲಿಸಿದರೆ ಆ ಪಾದ ಮತ್ತೆ ಉರಿದೀತೆಂದು ಹೆದರಿ, ತಣ್ಣಗಿನ ನೀರಿನ ಮಾತನ್ನು ಆಡುತ್ತಲೇ ಇದ್ದೆ. ಅವ್ವ ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟಳು.