ಗಾಳಿಗೆ ಎದುರು ಹೋದ ಗಡಿಗೆ

ಮೊನ್ನೆ ಕಡೂರಿನ ಸಂತೆಯಿಂದ ಬೇಸಿಗೆಗೆಂದು ಒಂದು ಮಡಕೆ ತಂದು ನೀರು ತುಂಬಿಸಿಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಅಡುಗೆಮನೆ ತುಂಬ ಹಸಿಮಣ್ಣಿನ ವಾಸನೆ. ಆ ವಾಸನೆಯ ಹಿಂದೆಯೇ ನಮ್ಮ ಎದುರುಮನೆ ದೊಡ್ಡಮ್ಮ ಬಂದು ನಿಂತ ಹಾಗಾಯಿತು...

ನಾನು ತರೀಕೆರೆ ಕಡೆಯವಳು. ಐವತ್ತರ ದಶಕದ ಕೊನೆಯಲ್ಲಿ ಶಿವನಿ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಹೋದೆ. ಎದುರುಮನೆಯಲ್ಲಿ ದೊಡ್ಡಮ್ಮ ಒಬ್ಬರೇ ಇದ್ದರು. ನಮಗೆ ನಂಟಲ್ಲ, ಊರಿಗೆಲ್ಲ ದೊಡ್ಡಮ್ಮ. ಅವರ ಯಜಮಾನರು ನಾನು ಬರುವುದಕ್ಕೆ ಮೊದಲೇ ಮಠದವರ ಜೊತೆ ಕಾಶಿ, ಕೇದಾರಕ್ಕೆಂದು ಹೊರಟವರು. ಜೊತೆಗೆ ಹೋದವರೆಲ್ಲ ತಿರುಗಿ ಬಂದರು, ಅವರೊಬ್ಬರು ಬರಲಿಲ್ಲ. ಸತ್ತರು ಎಂದು ಹೇಳುವವರಿಲ್ಲ, ಇದ್ದಾರೆ ಎಂದು ಹೇಳುವವರೂ ಇಲ್ಲ. ದೊಡ್ಡಮ್ಮ ಬಳೆ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. ಯಜಮಾನರು ತಿರುಗಿ ಬರಲೆಂದು ಕಾರ್ತಿಕ ಸೋಮವಾರಗಳಲ್ಲಿ ಕೆರೆಗೆ ದೀಪ ಬಿಡುವ ಹರಕೆ ಹೊತ್ತರು.

ಕೆರೆಯ ಮೇಲೆ ಗಾಳಿ ಜೋರು. ಬರೀ ಹಣತೆ ನಿಲ್ಲುವುದಿಲ್ಲ. ದೀಪಾವಳಿಗೆ ಮನೆಗೆ ಹೊಸ ಮಡಕೆ ಬಂದಾಗ ಹಳೆಯ ಗಡಿಗೆಯನ್ನು ಅವರು ಎಸೆಯುತ್ತಿರಲಿಲ್ಲ. ಅದರ ತಳಕ್ಕೆ ಒಂದು ಹಿಡಿ ಮರಳು ಹಾಕಿ, ಒಳಗೆ ಹಣತೆ ಹಚ್ಚಿಟ್ಟು ನೀರಿಗೆ ಬಿಡುತ್ತಿದ್ದರು. ಅವರನ್ನು ನೋಡಿ ಊರಿನ ಉಳಿದ ಹೆಂಗಸರೂ ಕಲಿತರು. ಒಬ್ಬರಿಗೆ ಮಗು ಬೇಕು, ಒಬ್ಬರಿಗೆ ಗಂಡನ ಕೆಮ್ಮು ವಾಸಿಯಾಗಬೇಕು. ದೀಪ ಆರಿದ ಮೇಲೂ ಗಡಿಗೆಗಳು ಎಷ್ಟೋ ದಿನ ಹಾಗೇ ತೇಲುತ್ತಿರುತ್ತಿದ್ದವು.

ಅದೇ ಕಾಲಕ್ಕೆ ಬಾತುಗಳು ಬರುತ್ತಿದ್ದವು. ಸಣ್ಣವು, ದೊಡ್ಡವು, ಬಾಲ ಚೂಪಾದವು... ನೀರು ಕಾಣದ ಹಾಗೆ ಕೂರುತ್ತಿದ್ದವು. ಬಡಗಲಿಂದ, ಹಿಮದ ಬೆಟ್ಟ ದಾಟಿ ಬರುತ್ತವೆ ಎಂದಷ್ಟೇ ನಮಗೆ ಗೊತ್ತು.

“ಅವರು ಹೋದ ದಿಕ್ಕಿಂದಾನೇ ಬತ್ತವೆ ಕಣೇ,” ಎನ್ನುತ್ತಿದ್ದರು ದೊಡ್ಡಮ್ಮ. ಏರಿಯ ಮೇಲೆ ಕೂತು, “ದಾರಿಯಾಗೆ ನಮ್ಮೋರು ಯಾರಾದ್ರೂ ಸಿಕ್ಕಿದ್ರೇನ್ರಪ್ಪಾ?” ಎಂದು ಹಕ್ಕಿಗಳನ್ನು ಕೇಳುತ್ತಿದ್ದರು. ಕೇಳಿ ತಾವೇ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಒಂದು ಕಾರ್ತಿಕದಲ್ಲಿ, ಮಂಗಳವಾರ ಬೆಳಗ್ಗೆ, ಇಬ್ಬರೂ ಬಟ್ಟೆ ಒಗೆಯಲು ಹೋಗಿದ್ದೆವು. ಬಡಗಣ ಗಾಳಿ ಬೀಸುತ್ತಿತ್ತು. ಹಿಂದಿನ ಸಂಜೆ ಬಿಟ್ಟ ಗಡಿಗೆಗಳೆಲ್ಲ ತೇಲುತ್ತ ಏರಿಯ ಕಡೆಗೇ ಬರುತ್ತಿದ್ದವು. ಒಂದು ಗಡಿಗೆ ಮಾತ್ರ ಗಾಳಿಗೆ ಎದುರಾಗಿ ಬಡಗಲಿಗೆ ಹೋಗುತ್ತಿತ್ತು. ನಿಧಾನ, ಯಾರೋ ಕೈಹಿಡಿದು ನಡೆಸಿದ ಹಾಗೆ. ದೊಡ್ಡಮ್ಮ ಕೈಲಿದ್ದ ಸೀರೆ ಬಿಟ್ಟರು. ಒದ್ದೆ ಕೈಯನ್ನೇ ಮುಗಿದರು. “ಶಿವನೇ, ನನ್ನ ಹರಕೆ ಮುಟ್ತು,” ಎಂದರು. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಗಡಿಗೆ ಬಾತುಗಳ ನಡುವೆ ಹೊಕ್ಕಿತು. ಒಂದು ಬಾತು ಸದ್ದಿಲ್ಲದೆ ಮುಳುಗಿತು. ಇನ್ನೊಂದು ಮುಳುಗಿತು. ಎರಡೂ ಮೇಲೇಳಲಿಲ್ಲ. ಪಕ್ಕದ ಹಕ್ಕಿಗಳು ಬೆದರಲೂ ಇಲ್ಲ. ಆಮೇಲೆ ಗಡಿಗೆ ದಡದ ಕಡೆ ಸರಿದು ಎದ್ದು ನಿಂತಿತು. ಅದರ ಕೆಳಗೆ ಒಬ್ಬ ಗಂಡಸು! ಬೋರಲು ಗಡಿಗೆಯನ್ನು ತಲೆಗೆ ಹಾಕಿಕೊಂಡು, ನೋಡಲು ಎರಡು ತೂತು ಕೊರೆದಿದ್ದ. ನೀರೊಳಗಿಂದ ಕಾಲು ಹಿಡಿದೆಳೆದ ಬಾತುಗಳು ಸೊಂಟದ ಹಗ್ಗದಲ್ಲಿ ತೂಗುತ್ತಿದ್ದವು.

ಅಜ್ಜಂಪುರದ ಕಡೆಯಿಂದ ಬರುವ ಹಕ್ಕಿ ಹಿಡಿಯುವವನು. ನಮ್ಮನ್ನು ಕಂಡು ನಮಸ್ಕಾರ ಮಾಡಿದ. ಬೇರೆ ಕೆರೆಗಳಲ್ಲಾದರೆ ತಾನೇ ಗಡಿಗೆ ತೇಲಿಬಿಟ್ಟು, ಹಕ್ಕಿಗೆ ಅದು ರೂಢಿಯಾಗುವ ತನಕ ಕಾಯಬೇಕಂತೆ. ಇಲ್ಲಿ ಆ ಕೆಲಸವನ್ನು ನಾವೇ ಮಾಡಿಕೊಟ್ಟಿದ್ದೆವು.

“ನಿಮ್ಮ ದೀಪದಿಂದ ನಮ್ಮನೆ ಒಲೆ ಉರೀತೈತೆ ತಾಯಿ,” ಎಂದ. ಕುಹಕವಿರಲಿಲ್ಲ, ಮನಸಾರೆ ಹೇಳಿದ.

ದೊಡ್ಡಮ್ಮ ಬಟ್ಟೆಯನ್ನು ಹಿಂಡದೆ ಬುಟ್ಟಿಗೆ ಹಾಕಿಕೊಂಡು ಮನೆಗೆ ಬಂದರು.

ಮುಂದಿನ ಸೋಮವಾರ ಅವರು ದೀಪ ಬಿಡಲಿಲ್ಲ. ಸಂಜೆ ನಮ್ಮತ್ತೆ ಹೋಗಿ ಕೇಳಿದರು. “ಗಂಡನ ಹೆಸರಲ್ಲಿ ಹೊತ್ತ ಹರಕೆ ಅಕ್ಕಾ. ಬಿಟ್ರೆ ಊರೋರು ಏನು ತಿಳ್ಕಂತಾರೆ? ಅವರಿಲ್ಲ ಅಂತ ನೀನೇ ಒಪ್ಪಿದಂಗಾಯ್ತದೆ.”

ದೊಡ್ಡಮ್ಮ, “ಅವರಿಗೆ ಬಾಯೈತೆ, ಇದ್ರೆ ದಾರಿ ಕೇಳ್ಕಂಡು ಬತ್ತಾರೆ. ಆ ಹಕ್ಕಿಗಳಿಗೆ ಏನೈತೆ? ನನ್ನ ಗಡಿಗೆ ನಂಬಿ ಕೂತವೆ,” ಎಂದರು.

ಅತ್ತೆ ಹೇಳಿದಂತೆಯೇ ಆಯಿತು. ಊರು ಅವರಿಲ್ಲವೆಂದೇ ತಿಳಿಯಿತು. ಅರಿಶಿನ ಕುಂಕುಮಕ್ಕೆ ದೊಡ್ಡಮ್ಮನನ್ನು ಕರೆಯುವುದು ಒಂದೊಂದೇ ಮನೆಯಲ್ಲಿ ನಿಂತಿತು. ಅಷ್ಟು ವಾದ ಮಾಡಿದ ನಮ್ಮತ್ತೆ ಮಾತ್ರ ಪ್ರತಿ ಹಬ್ಬಕ್ಕೂ ಕುಂಕುಮದ ಬಟ್ಟಲು ನನ್ನ ಕೈಗೆ ಕೊಟ್ಟು, “ಮೊದಲು ಎದುರುಮನೆಗೆ ಹೋಗಿ ಬಾ,” ಎನ್ನುತ್ತಿದ್ದರು. ಅಂಥ ಅತ್ತೆಯ ಕೈಕೆಳಗೆ ಬಾಳಿದೆನಲ್ಲ, ಅದು ದೇವರು ನನಗೆ ಕೊಟ್ಟದ್ದು.

ಉಳಿದ ಹೆಂಗಸರು ಗಡಿಗೆ ಬಿಡುವುದನ್ನು ನಿಲ್ಲಿಸಲಿಲ್ಲ. ಅವರದೂ ಹರಕೆಯೇ ಅಲ್ಲವೇ, ಹೇಗೆ ನಿಲ್ಲಿಸಿಯಾರು? ಪ್ರತಿ ಸೋಮವಾರದ ಮಾರನೆಯ ಬೆಳಗ್ಗೆ ದೊಡ್ಡಮ್ಮ ಮೊಣಕಾಲು ನೀರಿಗಿಳಿದು, ಕೈಗೆ ಸಿಕ್ಕ ಗಡಿಗೆಗಳನ್ನು ದಡಕ್ಕೆ ಎಳೆಯುತ್ತಿದ್ದರು. ಕೈಗೆ ಸಿಗದವು ತೇಲುತ್ತಿದ್ದವು.

ವರ್ಷ ಕಳೆದಂತೆ ಬಾತುಗಳು ಕಡಿಮೆಯಾದವು. ಅರವತ್ತರ ದಶಕ ಮುಗಿಯುತ್ತ ಬಂದಾಗ ಒಂದು ದಿನ ಆ ಹಕ್ಕಿ ಹಿಡಿಯುವವನು ದೊಡ್ಡಮ್ಮನ ಜಗಲಿಗೆ ಬಂದು ಕೂತ. ಸೊಂಟದ ಹಗ್ಗ ಖಾಲಿ. ಆ ಸಲ ಒಂದೂ ಬಂದಿರಲಿಲ್ಲ.

“ಎಲ್ಲಿಗೋದ್ವು ತಾಯಿ?” ಎಂದು ಕೇಳಿದ. ಇಷ್ಟು ಕಾಲ ದೊಡ್ಡಮ್ಮ ಹಕ್ಕಿಗಳನ್ನು ಕೇಳುತ್ತಿದ್ದದ್ದೂ ಅಂಥದೇ ಮಾತು. ಅವರು ಎದ್ದರು. ಒಳಗೆ ಹೋಗಿ ಅವನಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಆ ಬೇಸಿಗೆಯಲ್ಲೇ ಅವರು ಹೋದರು. ಮಣ್ಣು ಮಾಡುವ ಮೊದಲು ಕೈಯ ಬಳೆ ತೆಗೆಯಬೇಕೋ ಬೇಡವೋ ಎಂದು ಹೆಂಗಸರಲ್ಲಿ ಪಿಸುಮಾತು ಎದ್ದಿತು. ನಮ್ಮತ್ತೆ ಯಾರನ್ನೂ ಹತ್ತಿರ ಬಿಡಲಿಲ್ಲ. ಬಳೆ ಇದ್ದ ಹಾಗೆಯೇ ಹೋದರು... ಅಷ್ಟಾದರೂ ಆಯಿತು.

ಆ ಹಕ್ಕಿಗಳು ಮೊಟ್ಟೆಯಿಡುವುದು ದೂರದ ಬಡಗಣ ಸೀಮೆಯಲ್ಲಿ, ಚಳಿಯ ಕಡಲಂಚಿನ ಜೌಗಿನಲ್ಲಿ ಎಂದು ಮೊಮ್ಮಗಳು ಈಚೆಗೆ ಓದಿ ಹೇಳಿದಳು. ಅಲ್ಲೂ ಜೌಗು ಮುಚ್ಚಿ ಹಡಗುಕಟ್ಟೆ, ಕಾರ್ಖಾನೆ ಕಟ್ಟುತ್ತಿದ್ದಾರಂತೆ. ಹೆಣ್ಣುಮಕ್ಕಳಿಗಾದರೆ ತವರಲ್ಲಿ ಜಾಗವಿಲ್ಲದಿದ್ದರೆ ಗಂಡನ ಮನೆ, ಅಲ್ಲಿಲ್ಲದಿದ್ದರೆ ತವರು. ಇವಕ್ಕೆ ಎರಡೂ ಕಡೆ ಇಲ್ಲ.

ಹೋದ ಕಾರ್ತಿಕದಲ್ಲಿ ಊರಿಗೆ ಹೋಗಿದ್ದೆ. ಕೆರೆ ತುಂಬಿತ್ತು, ದೇವರ ದಯೆ. ಗಡಿಗೆ ಬಿಡುವ ಪದ್ಧತಿ ಯಾವಾಗಲೋ ನಿಂತಿದೆ. ಏರಿಯ ಮೇಲೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿದೆ. ಬೆದರಿ ಏಳುವುದಕ್ಕೆ ನೀರಿನ ಮೇಲೆ ಒಂದು ಜೀವವೂ ಇರಲಿಲ್ಲ.